ಕೈಗೂಸಿನೊಂದಿಗೆ ಹಳೇ ಹಡಗಿನ ಅಗ್ಗದ ಕ್ರೂಸ್: ಉತ್ತರ ಕನ್ನಡದ ತಂದೆತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಕುಮಟಾ, ಶಿರಸಿ ಕಡೆಯವರು ಮುಂಬೈಗೋ ಗೋವಾಕ್ಕೋ ಹೋಗಿ ಹಡಗು ಹತ್ತುವುದು ಈಗ ಅಪರೂಪವಲ್ಲ. ಆದರೆ ಮಡಿಲಲ್ಲಿ ಮಗು ಇದ್ದವರ ಚಿಂತೆಗಳೇ ಬೇರೆ. ಯಾವ ಷೋ ಇದೆ, ಊಟಕ್ಕೆ ಎಷ್ಟು ಬಗೆ ಎನ್ನುವುದಕ್ಕಿಂತ ರಾತ್ರಿ ಮಗುವನ್ನು ಎಲ್ಲಿ ಮಲಗಿಸುವುದು, ಹಾಲು ಕಲಸಲು ಬಿಸಿನೀರು ಎಲ್ಲಿ ಸಿಗುತ್ತದೆ ಎಂಬುದೇ ಅವರಿಗೆ ಮುಖ್ಯ. ಎರಡು ವರ್ಷದೊಳಗಿನ ಮಗುವಿರುವ, ಕೈಯಲ್ಲಿ ಲೆಕ್ಕದ ದುಡ್ಡಿರುವ ಮನೆಯವರಿಗಾಗಿ ಈ ಉತ್ತರಗಳು.

ಎಷ್ಟು ತಿಂಗಳ ಮಗುವನ್ನು ಹಡಗಿಗೆ ಬಿಡುತ್ತಾರೆ?

ಹೆಚ್ಚಿನ ಕ್ರೂಸ್ ಕಂಪನಿಗಳು 6 ತಿಂಗಳು ತುಂಬದ ಮಗುವನ್ನು ಹತ್ತಿಸಿಕೊಳ್ಳುವುದಿಲ್ಲ. ರಾಯಲ್ ಕೆರಿಬಿಯನ್, ಕಾರ್ನಿವಲ್‌ನಂಥ ಕಂಪನಿಗಳಲ್ಲಿ ಮಹಾಸಾಗರ ದಾಟುವ ಉದ್ದದ ಯಾನಕ್ಕೆ ಈ ಮಿತಿ 12 ತಿಂಗಳು. ಲೆಕ್ಕ ಹಿಡಿಯುವುದು ಹಡಗು ಹೊರಡುವ ದಿನದ ವಯಸ್ಸನ್ನು, ಟಿಕೆಟ್ ತೆಗೆದ ದಿನದ ವಯಸ್ಸನ್ನಲ್ಲ. ಎರಡು ದಿನ ಕಡಿಮೆ ಬಿದ್ದರೂ ಬಂದರಿನಿಂದಲೇ ವಾಪಸ್ ಬರಬೇಕಾದೀತು.

ಮಿತಿ 6 ತಿಂಗಳೆಂದು ಇದ್ದರೂ 9 ತಿಂಗಳು ದಾಟಲಿ ಎಂದೇ ನಾನು ಹೇಳುತ್ತೇನೆ. ಅಷ್ಟರಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಆಗಿರುತ್ತದೆ, ಮಗು ಮೆತ್ತನೆಯ ಅನ್ನ ತಿನ್ನಲು ಕಲಿತಿರುತ್ತದೆ, ತಾಯಿಯ ಮೈಯೂ ಒಂದು ಹದಕ್ಕೆ ಬಂದಿರುತ್ತದೆ. ಮತ್ತೆ ಬಸುರಿಯಾಗಿದ್ದರೆ 24 ವಾರದ ನಿಯಮವೂ ನೆನಪಿರಲಿ: ಅದನ್ನು ದಾಟಿದ ಗರ್ಭಿಣಿಯರನ್ನು ಹೆಚ್ಚಿನ ಹಡಗುಗಳು ಒಯ್ಯುವುದಿಲ್ಲ.

ಹಳೇ ಹಡಗು ಅಂದರೆ ಅಪಾಯ ಅಲ್ಲವೆ?

ಮುಂಬೈಯಿಂದ 2021ರ ಸೆಪ್ಟೆಂಬರ್‌ನಲ್ಲಿ ಯಾನ ಶುರುಮಾಡಿದ ಕಾರ್ಡೇಲಿಯಾ ಎಂಬ ಕ್ರೂಸ್ ಕಂಪನಿಯ ‘ಎಂಪ್ರೆಸ್’ ಹಡಗನ್ನೇ ನೋಡಿ. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ ಅದು 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಲ್ಲಿ ರಾಯಲ್ ಕೆರಿಬಿಯನ್‌ಗೆ ಸೇರಿದ ಹಡಗು. ಉದ್ದ ಸುಮಾರು 211 ಮೀಟರ್, ಗಾತ್ರ 48,500 ಒಟ್ಟು ಟನ್‌ನ ಆಸುಪಾಸು. ಈಗಿನ ಅತಿದೊಡ್ಡ ಹಡಗುಗಳಲ್ಲಿ ಒಂದಾದ ‘ಐಕಾನ್ ಆಫ್ ದಿ ಸೀಸ್’ ಇದರ ಐದು ಪಟ್ಟು.

ವಯಸ್ಸಾದ ಹಡಗಿಗೆ ಕಾನೂನಿನ ರಿಯಾಯಿತಿ ಇಲ್ಲ. ಟೈಟಾನಿಕ್ ಮುಳುಗಿದ ಮೇಲೆ ಹುಟ್ಟಿದ ಸೋಲಾಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದಡಿ ಪ್ರಯಾಣಿಕರ ಹಡಗಿನ ಸುರಕ್ಷತಾ ಪ್ರಮಾಣಪತ್ರಕ್ಕೆ 12 ತಿಂಗಳಷ್ಟೇ ಆಯುಷ್ಯ. ಪ್ರತಿ ವರ್ಷ ತಪಾಸಣೆ ಮಾಡಿಸಿ ಹೊಸದು ಪಡೆಯಲೇಬೇಕು. 2010ರ ಅಕ್ಟೋಬರ್ 1ರಿಂದ ಬೆಂಕಿ ಹಿಡಿಯುವ ವಸ್ತುಗಳಿಂದ ಕಟ್ಟಿದ ಹಳೆಯ ಹಡಗುಗಳು ಅಂತಾರಾಷ್ಟ್ರೀಯ ಯಾನಕ್ಕೆ ಇಳಿಯುವಂತಿಲ್ಲ ಎಂದಾದಾಗ ಎಷ್ಟೋ ಹಳೇ ಹಡಗುಗಳು ಗುಜರಿ ಸೇರಿದವು.

ವಯಸ್ಸಿನ ಪರಿಣಾಮ ಕಾಣುವುದು ಸೌಕರ್ಯದಲ್ಲಿ: ಕ್ಯಾಬಿನ್ ಕಿರಿದು, ಲಿಫ್ಟ್ ಸಣ್ಣದು, ಪ್ಲಗ್ ಪಾಯಿಂಟ್ ಒಂದೋ ಎರಡೋ, ಬಾತ್‌ರೂಮಿನ ಬಾಗಿಲಿಗೆ ಎತ್ತರದ ಹೊಸ್ತಿಲು. ಮಗುವನ್ನು ಎತ್ತಿಕೊಂಡವರಿಗೆ ಈ ಹೊಸ್ತಿಲೇ ದೊಡ್ಡ ಕಂಟಕ. ಮೊದಲ ದಿನವೇ ಕಾಲಿಗೆ ಅಭ್ಯಾಸ ಮಾಡಿಸಿ, ರಾತ್ರಿ ಬಾತ್‌ರೂಮಿನ ದೀಪ ಉರಿಯಲು ಬಿಡಿ.

ಕಾರವಾರದಲ್ಲೇ ಹತ್ತಲು ಬರುತ್ತದೆಯೆ?

ಇಲ್ಲ. ಬೈತಕೋಲದ ಬಂದರು ಸರಕಿನದು. ನಮಗೆ ಹತ್ತಿರದ ಕ್ರೂಸ್ ಬಂದರು ಎಂದರೆ ಗೋವಾದ ಮರ್ಮಗೋವಾ, ಕಾರವಾರದಿಂದ ರಸ್ತೆಯಲ್ಲಿ ಸುಮಾರು 100 ಕಿ.ಮೀ. ಆದರೆ ಹೆಚ್ಚಿನ ಯಾನಗಳು ಮುಂಬೈಯ ಬಲ್ಲಾರ್ಡ್ ಪಿಯರ್‌ನಿಂದ ಹೊರಟು ಅಲ್ಲಿಗೇ ಮರಳುತ್ತವೆ. ಗೋವಾ–ಮುಂಬೈ ನಡುವಿನ ಒಂದೇ ಕಡೆಯ ಟಿಕೆಟ್ ಸಿಗುವ ತಾರೀಕು ಸಿಕ್ಕರೆ ಕಾರವಾರ, ಅಂಕೋಲಾದವರಿಗೆ ಅದೇ ಒಳ್ಳೆಯದು. ಒಂದು ಕಡೆ ಹಡಗು, ಇನ್ನೊಂದು ಕಡೆ ರೈಲು, ಮಗುವಿಗೆ ಒಂದೇ ರಾತ್ರಿಯ ಹಡಗು.

ಮುಂಬೈಗೆ ಮತ್ಸ್ಯಗಂಧ ರೈಲು ಹಿಡಿದರೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಯಬೇಕು. ಅಲ್ಲಿಂದ ಬಲ್ಲಾರ್ಡ್ ಪಿಯರ್ ದೂರ, ಟ್ಯಾಕ್ಸಿಯಲ್ಲಿ ಟ್ರಾಫಿಕ್ ನೋಡಿಕೊಂಡು ಒಂದು ಗಂಟೆಯ ಮೇಲೆ. ಮಂಗಳೂರು–ಮುಂಬೈ ಎಕ್ಸ್‌ಪ್ರೆಸ್ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ವರೆಗೆ (ಸಿಎಸ್‌ಎಂಟಿ) ಹೋಗುವ ರೈಲು, ಅಲ್ಲಿಂದ ಬಂದರು ಹತ್ತಿರ. 5 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ರೈಲಿನಲ್ಲಿ ಟಿಕೆಟ್ ಬೇಕಿಲ್ಲ.

ಶಿರಸಿಯವರಿಗೆ ಒಂದು ಮಾತು. ದೇವಿಮನೆ ಘಟ್ಟ ಇಳಿದು ಕುಮಟಾ ಸ್ಟೇಷನ್ನಿಗೆ ಬರುವುದೇ 60 ಕಿ.ಮೀ. ತಿರುವಿನ ದಾರಿ. ಅದಾದ ಮೇಲೆ ರಾತ್ರಿಯಿಡೀ ರೈಲು, ಬೆಳಿಗ್ಗೆ ಇಳಿದ ಕೂಡಲೇ ಹಡಗಿನ ಸಾಲು. ಹೀಗೆ ಒಂದಕ್ಕೊಂದು ಅಂಟಿಸಿ ಯೋಜನೆ ಹಾಕಬೇಡಿ. ಹಿಂದಿನ ದಿನವೇ ಮುಂಬೈ ತಲುಪಿ ಒಂದು ರಾತ್ರಿ ಮಲಗಿ. ಹಡಗು ಯಾರಿಗೂ ಕಾಯುವುದಿಲ್ಲ. ಅಗ್ಗದ ಟಿಕೆಟ್‌ನಲ್ಲಿ ಉಳಿಸಿದ ದುಡ್ಡಿಗೆ ಆ ಒಂದು ರಾತ್ರಿಯ ಲಾಡ್ಜ್‌ಗಿಂತ ಒಳ್ಳೆಯ ಉಪಯೋಗ ಇಲ್ಲ.

ಯಾವ ತಿಂಗಳು ಒಳ್ಳೆಯದು?

ಡಿಸೆಂಬರ್‌ನಿಂದ ಫೆಬ್ರವರಿ. ನಮ್ಮ ಮೀನುಗಾರರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಿಷೇಧ ಮುಗಿದ ಮೇಲೂ ಅರಬ್ಬಿ ಸಮುದ್ರ ತಕ್ಷಣ ಶಾಂತವಾಗುವುದಿಲ್ಲ. ಮಳೆಗಾಲದ ಮುಂಚೆ ಮೇ, ಆಮೇಲೆ ಅಕ್ಟೋಬರ್–ನವೆಂಬರ್ ಚಂಡಮಾರುತದ ಕಾಲ. 2021ರ ಮೇ ತಿಂಗಳ ತೌಕ್ತೆಯನ್ನು ನಮ್ಮ ಕರಾವಳಿ ಮರೆತಿಲ್ಲ.

ಮಳೆಗಾಲದಲ್ಲಿ ಬಂದರಿನ ದಾರಿಯನ್ನೂ ನೆಚ್ಚುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಎಷ್ಟು ದಿನ ಮುಚ್ಚಿತ್ತೆಂದು ನಮಗೆಲ್ಲ ಗೊತ್ತು. ಮಳೆಗಾಲದ ಟಿಕೆಟ್ ಅಗ್ಗ ಎಂದು ಆಸೆಪಡಬೇಡಿ.

ಯಾವ ಕ್ಯಾಬಿನ್ ತೆಗೆದುಕೊಳ್ಳಬೇಕು?

ಮಗು ಇರುವವರ ಯಾನ ನಿಲ್ಲುವುದೂ ಬೀಳುವುದೂ ಇದರ ಮೇಲೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಹಡಗು ತೂಗಾಡುವುದು ಅತಿ ಕಡಿಮೆ ಗೊತ್ತಾಗುವುದು ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳಗಿನ ಡೆಕ್. ಅದೃಷ್ಟಕ್ಕೆ ಅಗ್ಗದ ಕ್ಯಾಬಿನ್‌ಗಳು ಹೆಚ್ಚಾಗಿ ಕೆಳಗೇ ಇರುತ್ತವೆ. ತೀರಾ ಮುಂದಿನದಾದರೆ ಅಲೆಯ ಏಟು, ಲಂಗರು ಬಿಡುವ ಸದ್ದು. ತೀರಾ ಹಿಂದಿನದಾದರೆ ಇಂಜಿನ್ನಿನ ನಡುಕ, ಹಳೇ ಹಡಗಿನಲ್ಲಂತೂ ಮಂಚಕ್ಕೇ ತಟ್ಟುತ್ತದೆ. ಟಿಕೆಟ್ ತೆಗೆಯುವ ಮುಂಚೆ ಡೆಕ್‌ನ ನಕ್ಷೆ ತೆರೆದು, ನಿಮ್ಮ ಕ್ಯಾಬಿನ್ನಿನ ಮೇಲೂ ಕೆಳಗೂ ಬರೀ ಕ್ಯಾಬಿನ್‌ಗಳೇ ಇವೆಯೇ ನೋಡಿ. ಮೇಲೆ ಡಾನ್ಸ್ ಫ್ಲೋರ್ ಇದ್ದರೆ ರಾತ್ರಿ ಎರಡರ ತನಕ ಮಗುವೂ ಮಲಗುವುದಿಲ್ಲ, ನೀವೂ ಮಲಗುವುದಿಲ್ಲ. ಪಕ್ಕದ ಕ್ಯಾಬಿನ್ನಿಗೆ ನಡುಬಾಗಿಲು ಇರುವ ಕೋಣೆಯೂ ಬೇಡ. ಆ ಬಾಗಿಲಿನ ಸಂದಿಯಿಂದ ಸದ್ದೆಲ್ಲ ಒಳಗೆ ಬರುತ್ತದೆ.

‘ಕ್ಯಾಬಿನ್ ನಂಬರ್ ನಾವೇ ಕೊಡುತ್ತೇವೆ’ ಎನ್ನುವ ಅತಿ ಅಗ್ಗದ ಟಿಕೆಟ್‌ನಲ್ಲಿ ಕ್ಯಾಬಿನ್ ಆರಿಸುವ ಹಕ್ಕು ನಿಮಗಿರುವುದಿಲ್ಲ. ಸ್ವಲ್ಪ ಹೆಚ್ಚು ಕೊಟ್ಟಾದರೂ ನಂಬರ್ ನೀವೇ ಆರಿಸಿ. ನಾನು ಖರ್ಚು ಮಾಡಿ ಎನ್ನುವ ಕೆಲವೇ ಜಾಗಗಳಲ್ಲಿ ಇದೊಂದು.

ಕಿಟಕಿಯಿಲ್ಲದ ಒಳಕ್ಯಾಬಿನ್ ಗಾಢ ಕತ್ತಲು. ಮಗುವಿನ ಮಧ್ಯಾಹ್ನದ ನಿದ್ದೆಗೆ ಅದು ಅನುಕೂಲವೇ. ಆದರೆ ಮಗು ಮಲಗಿದಷ್ಟು ಹೊತ್ತೂ ಒಬ್ಬರು ಆ ಕತ್ತಲಲ್ಲಿ ಕೂರಬೇಕು, ಸಾಮಾನ್ಯವಾಗಿ ಅದು ತಾಯಿಯೇ. ದರದ ವ್ಯತ್ಯಾಸ ಹೆಚ್ಚಿಲ್ಲದಿದ್ದರೆ ತೆರೆಯಲು ಬಾರದ ಗುಂಡು ಕಿಟಕಿಯ ಕ್ಯಾಬಿನ್ ತೆಗೆದುಕೊಳ್ಳಿ, ಅವಳ ಕಣ್ಣಿಗೆ ಸಮುದ್ರವಾದರೂ ಕಾಣಲಿ. ಅಂಬೆಗಾಲಿಡುವ ಮಗು ಇದ್ದರೆ ಬಾಲ್ಕನಿ ಬೇಡವೇ ಬೇಡ.

ಹಳೇ ಹಡಗಿನ ಸಣ್ಣ ಕ್ಯಾಬಿನ್ 100–120 ಚದರ ಅಡಿ ಇರುತ್ತದೆ. ಮಗುವಿನ ಮಂಚ ಇಟ್ಟರೆ ನೆಲ ಮುಗಿಯಿತು. ಆ ಮಂಚಗಳೂ ಎಣಿಕೆಯಷ್ಟೇ ಇರುವುದರಿಂದ ಬುಕ್ ಮಾಡುವಾಗಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ದೊಡ್ಡ ಸೂಟ್‌ಕೇಸ್ ಬದಲು ಮಡಚಿ ಮಂಚದಡಿ ತುರುಕಬಹುದಾದ ಬ್ಯಾಗ್, ಅಗಲದ ತಳ್ಳುಗಾಡಿಯ ಬದಲು ಕೊಡೆಯಂತೆ ಮಡಚುವ ಹಗುರದ್ದು ತನ್ನಿ.

ಜೋಲಿ ಕಟ್ಟಬಹುದೆ? ನಮ್ಮ ಮಗು ಜೋಲಿ ಇಲ್ಲದೆ ಮಲಗುವುದಿಲ್ಲ.

ಕಟ್ಟುವಂತಿಲ್ಲ. ಕ್ಯಾಬಿನ್ನಿನ ಚಾವಣಿಯಲ್ಲಿ ಕಾಣುವ ಸಣ್ಣ ಲೋಹದ ತುದಿ ಬೆಂಕಿ ನಂದಿಸುವ ಸ್ಪ್ರಿಂಕ್ಲರ್. ಅದಕ್ಕೆ ಒದ್ದೆ ಬಟ್ಟೆಯನ್ನೂ ನೇತುಹಾಕಬಾರದು. ಅದು ಮುರಿದರೆ ನಿಮ್ಮ ಕೋಣೆಯಷ್ಟೇ ಅಲ್ಲ, ಓಣಿಯೂ ನೀರಾಗುತ್ತದೆ. ಮೇಲಿನ ಮಡಚುವ ಬರ್ತ್‌ಗೆ ಸೀರೆ ಬಿಗಿಯುವುದೂ ಅಪಾಯ, ಹಡಗು ವಾಲಿದಾಗ ಜೋಲಿ ಗೋಡೆಗೆ ಬಡಿಯುತ್ತದೆ. ಹೊರಡುವ ಎರಡು ವಾರದ ಮುಂಚಿನಿಂದಲೇ ರಾತ್ರಿ ಹೊತ್ತಾದರೂ ಚಾಪೆಯ ಮೇಲೆ, ಗಟ್ಟಿ ಹಾಸಿಗೆಯ ಮೇಲೆ ಮಲಗುವ ರೂಢಿ ಮಾಡಿಸಿ. ಮನೆಯ ಹಳೇ ಹೊದಿಕೆಯನ್ನು ಒಗೆಯದೆ ತನ್ನಿ, ಪರಿಚಿತ ವಾಸನೆ ಸಿಕ್ಕರೆ ಮಕ್ಕಳು ಬೇಗ ಸಮಾಧಾನವಾಗುತ್ತಾರೆ. ಅದನ್ನು ಮಗುವಿನಡಿ ಬಿಗಿಯಾಗಿ ಹಾಸಿ, ಮುಖದ ಹತ್ತಿರ ಸಡಿಲ ಬಟ್ಟೆ, ದಿಂಬು ಇಡಬೇಡಿ.

ಮಗುವಿಗೆ ತಲೆಸುತ್ತು, ವಾಂತಿ ಬರುವುದಿಲ್ಲವೆ?

ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಅಪರೂಪ. ಅದು ಹೆಚ್ಚು ಕಾಡುವುದು ಎರಡರಿಂದ ಹನ್ನೆರಡು ವರ್ಷದವರನ್ನು. ನಿಜವಾದ ತೊಂದರೆ ಬರುವುದು ಅಪ್ಪ-ಅಮ್ಮನಿಗೆ ತಲೆಸುತ್ತಿದಾಗ ಮಗುವನ್ನು ನೋಡುವವರು ಯಾರು ಎಂಬಲ್ಲಿ. ಘಟ್ಟದ ಬಸ್ಸಿನಲ್ಲಿ ವಾಂತಿ ಮಾಡುವವರು ನೀವಾದರೆ ಮೊದಲೇ ವೈದ್ಯರನ್ನು ಕಂಡು ನಿಮಗೆ ಹೊಂದುವ ಮಾತ್ರೆ ಬರೆಸಿಕೊಳ್ಳಿ. ಹಾಲೂಡಿಸುವ ತಾಯಿ ಅದನ್ನು ಹೇಳಿಯೇ ಬರೆಸಿಕೊಳ್ಳಬೇಕು.

ಇದನ್ನು ಒತ್ತಿ ಹೇಳುತ್ತೇನೆ: ಮೆಡಿಕಲ್‌ನಲ್ಲಿ ಸುಲಭವಾಗಿ ಸಿಗುವ ಅವೊಮಿನ್ ಮಾತ್ರೆಯಲ್ಲಿರುವುದು ಪ್ರೊಮೆಥಜಿನ್. ಅದನ್ನು ಎರಡು ವರ್ಷದೊಳಗಿನ ಮಗುವಿಗೆ ಕೊಡಲೇಬಾರದು, ಉಸಿರಾಟವೇ ಕುಗ್ಗುವ ಅಪಾಯವಿದೆ. ‘ಕಾಲು ಮಾತ್ರೆ ಜೇನಲ್ಲಿ ತೇಯ್ದು ಕೊಡಿ’ ಎನ್ನುವವರ ಮಾತು ಕೇಳಬೇಡಿ. ಜೇನೂ ಒಂದು ವರ್ಷದೊಳಗಿನ ಮಗುವಿಗೆ ಬೇಡ. ದೊಡ್ಡವರು ಹಸಿಶುಂಠಿಯ ಚೂರು, ಮುರುಗಲು ಶರಬತ್ತು ಇಟ್ಟುಕೊಂಡರೆ ಸಾಕಷ್ಟು ಹಾಯೆನಿಸುತ್ತದೆ. ಹೊಟ್ಟೆ ಖಾಲಿ ಬಿಡಬೇಡಿ, ದಿಗಂತ ಕಾಣುವಲ್ಲಿ ಕೂತುಕೊಳ್ಳಿ.

ಹಾಲು, ಮಣ್ಣಿ, ಊಟ?

ಎದೆಹಾಲು ಕುಡಿಯುವ ಮಗುವಾದರೆ ಅರ್ಧ ಚಿಂತೆ ಮುಗಿದಂತೆ. ಪುಡಿಹಾಲಾದರೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಪಾಲಿಸಿ: ಕಲಸುವ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಬಿಸಿ ಇರಬಾರದು. ಆರಿಸಿ ಕುಡಿಸಬೇಕು, ಕಲಸಿದ್ದನ್ನು ಎರಡು ಗಂಟೆಯೊಳಗೆ ಕುಡಿಸದಿದ್ದರೆ ಚೆಲ್ಲಬೇಕು. ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ, ಬಾಟಲಿ ಕುದಿಸುವ ಯಂತ್ರ ಇವನ್ನು ಬೆಂಕಿಯ ಭಯಕ್ಕೆ ಹಡಗಿನವರು ಹತ್ತುವಾಗಲೇ ತೆಗೆದಿಡುತ್ತಾರೆ. ಎಕ್ಸ್‌ಟೆನ್ಷನ್ ಬೋರ್ಡಿಗೂ ಹೆಚ್ಚಾಗಿ ಇದೇ ಗತಿ. ಅದಕ್ಕೆ ಬಿಸಿ ಹಿಡಿದಿಡುವ ಒಳ್ಳೆಯ ಸ್ಟೀಲ್ ಫ್ಲಾಸ್ಕ್ ಒಂದು ಬೇಕೇ ಬೇಕು. ರಾತ್ರಿ ಬಫೆ ಮುಚ್ಚುವ ಮುಂಚೆ ಕಾಫಿ ಯಂತ್ರದ ಹತ್ತಿರ ಕುದಿಯುವ ನೀರು ತುಂಬಿಸಿಕೊಳ್ಳಿ.

ಬಾಟಲಿಗಿಂತ ಒಳಲೆ ಒಯ್ಯಿರಿ. ಸಂದಿಗೊಂದಿ ಇಲ್ಲ, ಸೋಪು ಹಚ್ಚಿ ತೊಳೆದು ಬಿಸಿನೀರು ಹೊಯ್ದರೆ ಸ್ವಚ್ಛ. ನಮ್ಮ ಅಜ್ಜಿಯರು ಬಳಸಿದ್ದು ಸಣ್ಣ ಕ್ಯಾಬಿನ್ನಿಗೆ ಹೇಳಿ ಮಾಡಿಸಿದ್ದೇ.

ರಾಗಿ ಮಣ್ಣಿ ಕಾಯಿಸಲು ಕ್ಯಾಬಿನ್ನಿನಲ್ಲಿ ಒಲೆಯಿಲ್ಲ. ಹುರಿದು ಪುಡಿ ಮಾಡಿದ, ಬಿಸಿನೀರಿಗೆ ಕಲಸಿದರೆ ಆಗುವಂಥದ್ದನ್ನು ಮನೆಯಿಂದಲೇ ತನ್ನಿ. ಹೊರಗಿನ ತಿಂಡಿ ಬಿಡದ ಹಡಗಿನಲ್ಲೂ ಮಗುವಿನ ಆಹಾರಕ್ಕೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಉಳಿದಂತೆ ಬಫೆಯಲ್ಲಿ ಬಾಳೆಹಣ್ಣು, ಮೊಸರು, ಬೇಯಿಸಿದ ಬಟಾಟೆ, ಮೆತ್ತನೆಯ ಅನ್ನ ಸಿಗುತ್ತವೆ. ಒಗ್ಗರಣೆ ಹಾಕುವ ಮುಂಚಿನ ಬೇಳೆ ಬೇಕೆಂದು ಮೊದಲ ಊಟದ ಹೊತ್ತಿಗೇ ಅಡುಗೆಯವರಿಗೆ ಹೇಳಿಡಿ. ಮರುದಿನದಿಂದ ಅವರೇ ತೆಗೆದಿಡುತ್ತಾರೆ.

ಬಫೆಯ ಚಮಚ ಮುಟ್ಟಿದ ಕೈಯಲ್ಲಿ ಮಗುವಿಗೆ ತಿನ್ನಿಸಬೇಡಿ. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು.

ಡೈಪರ್, ಸ್ನಾನ?

ಹಡಗಿನ ಅಂಗಡಿಯಲ್ಲಿ ಡೈಪರ್ ಸಿಕ್ಕೀತೆಂದು ನಂಬಬೇಡಿ. ದಿನಕ್ಕೆ ಎಂಟರ ಲೆಕ್ಕ ಹಿಡಿದು ಒಂದು ದಿನದ್ದು ಹೆಚ್ಚು ಒಯ್ಯಿರಿ. ಒರೆಸುವ ವೈಪ್ಸನ್ನು ಕಮೋಡಿಗೆ ಹಾಕಲೇಬೇಡಿ: ಹಡಗಿನ ಶೌಚಾಲಯ ಗಾಳಿ ಸೆಳೆದು ಕೆಲಸ ಮಾಡುವಂಥದ್ದು, ಒಂದು ಕಡೆ ಕಟ್ಟಿದರೆ ಸಾಲಿನ ಹಲವು ಕೋಣೆಗಳಿಗೆ ತೊಂದರೆ. ಬಳಸಿದ್ದನ್ನು ಚೀಲದಲ್ಲಿ ಕಟ್ಟಿ ಕ್ಯಾಬಿನ್ ಹುಡುಗರ ಕೈಗೆ ಕೊಡಿ.

ಎಣ್ಣೆಸ್ನಾನ ಮನೆಗೆ ಬಂದ ಮೇಲೆ ಇಟ್ಟುಕೊಳ್ಳಿ. ಎಣ್ಣೆ ಕೈಯಲ್ಲಿ, ವಾಲುವ ನೆಲದಲ್ಲಿ, ಕೈಯಗಲದ ಶವರ್‌ನಲ್ಲಿ ಮಗುವನ್ನು ಹಿಡಿಯುವ ಸಾಹಸ ಬೇಡ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಎರಡು ಮೂರು ದಿನಕ್ಕೆ ಧಾರಾಳ.

ಈಜುಕೊಳಕ್ಕೆ ಇಳಿಸಬಹುದೆ?

ಡೈಪರ್ ಹಾಕುವ ಮಗುವನ್ನು, ಈಜಿನ ಡೈಪರ್ ಆದರೂ, ಹೆಚ್ಚಿನ ಹಡಗುಗಳು ಕೊಳಕ್ಕೆ ಬಿಡುವುದಿಲ್ಲ. ಗಾಳಿ ತುಂಬುವ ಸಣ್ಣ ತೊಟ್ಟಿ ತಂದರೆ ಕ್ಯಾಬಿನ್ನಿನ ಶವರ್‌ನಲ್ಲೇ ಆಟವಾಗುತ್ತದೆ.

ಮಗುವಿನ ಅಳತೆಯ ಲೈಫ್ ಜಾಕೆಟ್ ಇರುತ್ತದೆಯೆ?

ಇರಲೇಬೇಕು. 24 ಗಂಟೆ ಅಥವಾ ಅದಕ್ಕಿಂತ ಹೆಚ್ಚಿನ ಯಾನದಲ್ಲಿ ಹಡಗಿನಲ್ಲಿರುವ ಪ್ರತಿ ಶಿಶುವಿಗೂ ಒಂದು ಶಿಶು ಜಾಕೆಟ್ ಇರಬೇಕೆಂಬುದು ಸೋಲಾಸ್ ನಿಯಮ. 15 ಕಿಲೋಗಿಂತ ಕಡಿಮೆ ತೂಕದವರಿಗೆ ಶಿಶುವಿನದು, 15ರಿಂದ 43 ಕಿಲೋದವರಿಗೆ ಮಕ್ಕಳದು. ಅದು ನಿಮ್ಮ ಕೋಣೆಯಲ್ಲೇ ಇರುವುದಿಲ್ಲ, ಕೇಳಿ ತರಿಸಿಕೊಳ್ಳಬೇಕು. ಕೋಣೆಗೆ ಕಾಲಿಟ್ಟ ಕೂಡಲೇ ಮಾಡುವ ಮೊದಲ ಕೆಲಸ ಇದಾಗಲಿ. ತಂದ ಮೇಲೆ ಒಮ್ಮೆ ಹಾಕಿ ನೋಡಿ. ಮಗು ಅತ್ತರೆ ಅಳಲಿ, ಬಕಲ್ ಹಾಕುವುದು ನಿಮ್ಮ ಕೈಗೆ ಗೊತ್ತಾಗಬೇಕು.

2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿದಾಗ ಆಗಷ್ಟೇ ಹತ್ತಿದ ನೂರಾರು ಜನರಿಗೆ ಸುರಕ್ಷತಾ ತಾಲೀಮು ಆಗಿರಲಿಲ್ಲ. 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ತಕ್ಷಣ ತಾಲೀಮು ಆಗಲೇಬೇಕು. ಮಗು ಮಲಗಿದೆ ಎಂದು ತಪ್ಪಿಸಬೇಡಿ, ಎತ್ತಿಕೊಂಡೇ ಹೋಗಿ.

ಡೆಕ್ ಮೇಲೆ ಮಗುವನ್ನು ಎತ್ತಿ ಸಮುದ್ರ ತೋರಿಸಬಹುದೆ?

ಕಂಬಿಯಿಂದ ಎರಡು ಹೆಜ್ಜೆ ಹಿಂದೆ ನಿಂತು, ಎದೆಗವಚಿ. ಕಂಬಿಯ ಮೇಲೆ, ಕಿಟಕಿಯ ಅಂಚಿನ ಮೇಲೆ ಕೂರಿಸಿ ಫೋಟೋ ಬೇಡ. 2019ರ ಜುಲೈಯಲ್ಲಿ ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ, ಬಂದರಿಗೆ ಕಟ್ಟಿ ನಿಂತಿದ್ದ ಹಡಗಿನ 11ನೇ ಡೆಕ್‌ನ ತೆರೆದ ಕಿಟಕಿಯಿಂದ 18 ತಿಂಗಳ ಮಗು ಬಿದ್ದು ಸತ್ತಿತು. ಎತ್ತಿ ಹಿಡಿದಿದ್ದವರು ಮನೆಯವರೇ, ತಾಯಿಯ ಮಲತಂದೆ. ಪ್ರೀತಿಯ ಕೈಯಿಂದಲೂ ಮಗು ಜಾರುತ್ತದೆ.

ಜ್ವರ ಬಂದರೆ?

ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಮಕ್ಕಳ ತಜ್ಞರಲ್ಲ. ಶುಲ್ಕ ಪ್ರತ್ಯೇಕ. ನಿಮ್ಮ ಮಕ್ಕಳ ಡಾಕ್ಟರರಿಂದ ಮಗುವಿನ ಈಗಿನ ತೂಕಕ್ಕೆ ಪ್ಯಾರಾಸಿಟಮಾಲ್ ಎಷ್ಟು ಎಂ.ಎಲ್., ಎಷ್ಟು ಗಂಟೆಗೊಮ್ಮೆ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ದಡ ಬಿಟ್ಟ ಮೇಲೆ ಸಿಗ್ನಲ್ ಹೋಗುತ್ತದೆ, ಫೋನ್ ಮಾಡಿ ಕೇಳೋಣ ಎಂದರೆ ಆಗದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಡಿ, ಇಲ್ಲವಾದರೆ ಹಡಗಿನ ಉಪಗ್ರಹ ಜಾಲ ಹಿಡಿದು ಬಿಲ್ ಏರುತ್ತದೆ. ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್ ಕೈಚೀಲದಲ್ಲೇ ಇರಲಿ. ಹೊರಡುವ ಹಿಂದಿನ ದಿನ ಮಗುವಿಗೆ ಜ್ವರವಿದ್ದರೆ ಟಿಕೆಟ್ ದುಡ್ಡು ಹೋದರೂ ಹೋಗಲಿ, ಹೊರಡಬೇಡಿ.

ಏನೇನು ಕಾಗದ ಬೇಕು?

ದೇಶದೊಳಗಿನ ಯಾನಕ್ಕೆ ದೊಡ್ಡವರ ಆಧಾರ್‌ನಂಥ ಗುರುತಿನ ಚೀಟಿ, ಮಗುವಿನ ಜನನ ಪ್ರಮಾಣಪತ್ರ ಅಥವಾ ನೀಲಿ ಬಣ್ಣದ ಬಾಲ ಆಧಾರ್. ಮೂಲ ಪ್ರತಿಗಳೇ ಇರಲಿ. ಶ್ರೀಲಂಕಾದಂಥ ಕಡೆ ಮುಟ್ಟುವ ಯಾನವಾದರೆ ಎಷ್ಟೇ ಸಣ್ಣ ಮಗುವಿಗೂ ಸ್ವಂತ ಪಾಸ್‌ಪೋರ್ಟ್ ಬೇಕು. ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಸಣ್ಣ ಮಕ್ಕಳ ಪಾಸ್‌ಪೋರ್ಟಿಗೆ 5 ವರ್ಷದ ಅವಧಿ. ಮೊದಲ ಯಾನಕ್ಕೆ ದೇಶದೊಳಗಿನದೇ ಸಾಕು.

ಜಾಹೀರಾತಿನ ದರ ನಿಜವೆ?

ಅದು ಆರಂಭದ ದರ, ಅದೂ ಒಂದೇ ಕ್ಯಾಬಿನ್‌ನಲ್ಲಿ ಇಬ್ಬರಿದ್ದಾಗ ಒಬ್ಬರ ಪಾಲಿಗೆ. ಅದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಯ ಭಕ್ಷೀಸು, ಜಿಎಸ್‌ಟಿ ಸೇರುತ್ತವೆ. ‘ಮಗುವಿಗೆ ಉಚಿತ’ ಎಂದಿದ್ದರೂ ಇವುಗಳಲ್ಲಿ ಕೆಲವನ್ನು ಮಗುವಿನ ಹೆಸರಿಗೂ ಹಾಕಬಹುದು. ಏಜೆಂಟರನ್ನು ಒಂದೇ ಪ್ರಶ್ನೆ ಕೇಳಿ: ಹಡಗು ಹತ್ತಿ ಇಳಿಯುವವರೆಗೆ ನಮ್ಮ ಮೂವರಿಗೆ ಎಲ್ಲ ಸೇರಿ ಎಷ್ಟು? ಉತ್ತರವನ್ನು ಬರೆದೇ ಕೊಡಲಿ.

ಉಪ್ಪುಗಾಳಿ ಕೂಸಿಗೆ ಆಗುವುದಿಲ್ಲ, ಹೋಗಬೇಡಿ ಅಂತಾರೆ ಅಜ್ಜಿ. ಏನು ಹೇಳಲಿ?

ಹೊನ್ನಾವರ, ಭಟ್ಕಳದ ಮೀನುಗಾರರ ಮಕ್ಕಳೆಲ್ಲ ಉಪ್ಪುಗಾಳಿಯಲ್ಲೇ ಬೆಳೆದವರು. ಬಿಸಿಲಿಗೆ ಮಾತ್ರ ಅಜ್ಜಿಯ ಮಾತು ಸರಿ: ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ತೆರೆದ ಡೆಕ್‌ಗೆ ಮಗುವನ್ನು ಒಯ್ಯಬೇಡಿ.

ಆದರೆ ನನ್ನ ನಿಜವಾದ ಉತ್ತರ, ಅಜ್ಜಿಯನ್ನೂ ಕರೆದುಕೊಂಡು ಹೋಗಿ. ದುಡ್ಡು ಹೆಚ್ಚಾಗುತ್ತದೆ, ನಿಜ. ಅಗ್ಗದ ಹಡಗು ಆರಿಸುವುದರ ಸಾರ್ಥಕತೆ ಇರುವುದೇ ಇಲ್ಲಿ. ಹೊಸ ಹಡಗಿನಲ್ಲಿ ಇಬ್ಬರಿಗಾಗುವ ಖರ್ಚಿನಲ್ಲಿ ಹಳೆಯದರಲ್ಲಿ ಇನ್ನೊಬ್ಬರನ್ನು ಕರೆದೊಯ್ಯಲು ಆದರೆ, ಆ ಇನ್ನೊಬ್ಬರು ಇರಲಿ. ಹಡಗಿನಲ್ಲಿ ಅಡುಗೆಯಿಲ್ಲ, ಪಾತ್ರೆಯಿಲ್ಲ, ಬಂದು ಹೋಗುವವರಿಲ್ಲ. ಬಾಣಂತನ ಮಾಡಿ ದಣಿದ ಆ ಜೀವಕ್ಕೂ ಇನ್ನೊಬ್ಬರು ಬಡಿಸಿದ ಊಟ ಬೇಕು. ಮಗು ಮಲಗಿದಾಗ ಅಪ್ಪ ಒಂದು ಗಂಟೆ ಕೋಣೆಯಲ್ಲಿ ಕೂರಲಿ, ಅಮ್ಮ ಮತ್ತು ಅಜ್ಜಿ ಡೆಕ್‌ಗೆ ಹೋಗಿ ಚಹಾ ಕುಡಿಯಲಿ. ಕೆಲಸ ಹಂಚಿಕೊಳ್ಳದೆ ಹೋದರೆ ತಾಯಿಗೆ ಹಡಗೂ ಮನೆಯೇ, ಇನ್ನೂ ಕಿರಿದಾದ ಮನೆ.

ನಾಲ್ವರ ಕ್ಯಾಬಿನ್‌ನಲ್ಲಿ ಎರಡು ಬರ್ತ್ ಏಣಿ ಹತ್ತುವಂಥವು, ಮಂಡಿನೋವಿನವರಿಗೆ ಆಗದು. ಪಕ್ಕಪಕ್ಕದ ಎರಡು ಒಳಕ್ಯಾಬಿನ್‌ಗಳ ದರವನ್ನೂ ಕೇಳಿ ನೋಡಿ.

ಲಕ್ಷದ್ವೀಪದ ಯಾನ?

ಮಗು ಸ್ವಲ್ಪ ದೊಡ್ಡದಾಗಲಿ. ಅಲ್ಲಿ ಹಡಗು ಆಳನೀರಲ್ಲಿ ನಿಲ್ಲುತ್ತದೆ, ದ್ವೀಪಕ್ಕೆ ಹೋಗಬೇಕಾದ್ದು ಸಣ್ಣ ದೋಣಿಯಲ್ಲಿ. ಅಲೆಯ ಮೇಲೆ ಏರಿಳಿಯುವ ದೋಣಿಗೆ ಮಗುವಿನೊಂದಿಗೆ ದಾಟುವುದು ಸುಲಭವಲ್ಲ. ಪ್ರವೇಶ ಪರವಾನಗಿಯೂ ಬೇಕು.

ಮೊದಲು ಊರಲ್ಲೇ ಪರೀಕ್ಷೆ ಮಾಡಬಹುದೆ?

ಮಾಡಿ. ತದಡಿಯಿಂದ ಅಘನಾಶಿನಿಗೆ ಬಾರ್ಜ್‌ನಲ್ಲಿ ದಾಟಿ, ಇಲ್ಲವೇ ಹೊನ್ನಾವರದಲ್ಲಿ ಶರಾವತಿಯ ಹಿನ್ನೀರಿನ ದೋಣಿ ಹತ್ತಿ. ಇಂಜಿನ್ ಸದ್ದಿಗೆ, ಗಾಳಿಗೆ ಮಗು ಹೇಗಿರುತ್ತದೆ ಗೊತ್ತಾಗುತ್ತದೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಯುದ್ಧನೌಕೆಗೂ ಹೋಗಿ ಬನ್ನಿ. ಕ್ರೂಸ್‌ಗೂ ಅದಕ್ಕೂ ಹೋಲಿಕೆಯಿಲ್ಲ, ಆದರೆ ಹಡಗಿನ ಹೊಸ್ತಿಲು, ಕಡಿದಾದ ಮೆಟ್ಟಿಲನ್ನು ಮಗುವನ್ನು ಎತ್ತಿಕೊಂಡು ದಾಟುವುದು ಎಂದರೇನೆಂದು ಅಲ್ಲೇ ತಿಳಿಯುತ್ತದೆ.

ಗೋವಾದಲ್ಲಿ ಹಡಗು ನಿಂತಾಗ ಇಳಿಯಬೇಕೆ?

ನಮ್ಮ ಕಡೆಯವರಿಗೆ ಗೋವಾ ಪಕ್ಕದ ಮನೆ, ಬೇಕೆಂದಾಗ ಹೋಗಬಹುದು. ಆ ದಿನ ಹಡಗಿನಲ್ಲೇ ಉಳಿಯಿರಿ. ಹೆಚ್ಚಿನವರು ಇಳಿದು ಹೋಗಿರುತ್ತಾರೆ, ಸಂಗೀತ ನಿಂತಿರುತ್ತದೆ, ಹಡಗು ಅಲುಗುವುದಿಲ್ಲ. ಲಿಫ್ಟ್ ಖಾಲಿ, ಊಟದ ಮನೆಯಲ್ಲಿ ಕಿಟಕಿಯ ಪಕ್ಕದ ಮೇಜು ಖಾಲಿ, ಅಡುಗೆಯವರಿಗೂ ಮಗುವಿನ ಬೇಳೆ ಬೇಯಿಸಿಕೊಡಲು ಪುರುಸೊತ್ತು. ಇಳಿಯಲೇಬೇಕೆಂದಿದ್ದರೆ ಮರಳಬೇಕಾದ ಹೊತ್ತಿಗಿಂತ ಎರಡು ಗಂಟೆ ಮುಂಚೆ ಗೇಟಿನ ಹತ್ತಿರ ಇರಿ. ಭದ್ರತಾ ತಪಾಸಣೆಯ ಸಾಲಿನಲ್ಲಿ ಮಗುವಿದ್ದವರನ್ನು ಮುಂದೆ ಬಿಡಿ ಎಂದು ಸಂಕೋಚವಿಲ್ಲದೆ ಕೇಳಿ.